ತುಳಸಿ, ಪುದೀನ, ದೊಡ್ಡಪತ್ರೆ, ಇಲ್ಲಾ ಸೀಸೆ? ರೋಸ್ಮರಿನಿಕ್ ಆಮ್ಲಕ್ಕೆ ಯಾವುದನ್ನು ಆರಿಸಿಕೊಳ್ಳಬೇಕು

ಗಂಗಾವತಿಯಲ್ಲಿರುವ ನಮ್ಮ ಅಕ್ಕನಿಗೆ ಶಿವರಾತ್ರಿ ಹತ್ತಿರ ಬಂತೆಂದರೆ ಸೀನು ಶುರು. ಮುಂಜಾನೆ ಎದ್ದು ಅಂಗಳ ಗುಡಿಸೋದರೊಳಗೆ ಹತ್ತಿಪ್ಪತ್ತು ಸಲ ಸೀನುತ್ತಾಳೆ. ಕಣ್ಣು ಕೆಂಪು, ಮೂಗಿನ ತುದಿ ತುರಿಕೆ. ಅವರ ಓಣಿ ದಾಟಿದರೆ ಕಾಲುವೆ ದಂಡೆಯುದ್ದಕ್ಕೂ ಬಳ್ಳಾರಿ ಜಾಲಿ. ಅದರ ಹೂವಿನ ಪರಾಗ ಅಲರ್ಜಿ ತರುತ್ತದೆ ಅನ್ನೋದು ಡಾಕ್ಟರುಗಳಿಗೆ ಚೆನ್ನಾಗಿ ಗೊತ್ತಿರುವ ವಿಷಯ. ಈ ಸಲ ಫೋನ್ ಮಾಡಿದವಳು ಕೇಳಿದ್ದು ಇದು: "ತಂಗೀ, ರೋಸ್ಮರಿನಿಕ್ ಆಸಿಡ್ ಅಂತ ಗುಳಿಗಿ ಬಂದೈತಂತ. ಸೀನಿಗೆ ಚಲೋ ಅಂತಾರ. ತುಳಸಿಯೊಳಗೂ ಅದ ಐತಂತಲ್ಲ? ಗುಳಿಗಿ ತರಸ್ಲೋ, ಕಟ್ಟಿ ಮ್ಯಾಲಿನ ತುಳಸಿ ಸಾಕೋ?"

ನಾನು ಬಳ್ಳಾರಿಯಲ್ಲಿ ಪಿಯು ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುವವಳು. ಫೋನಿನಲ್ಲಿ ಅರ್ಧ ಉತ್ತರ ಕೊಟ್ಟೆ. ಉಳಿದದ್ದನ್ನು ಓದಿ, ಅವಳಿಗೂ ಅವಳಂಥ ಉಳಿದವರಿಗೂ ಆಗಲಿ ಅಂತ ಇಲ್ಲಿ ಬರೆದಿದ್ದೇನೆ.

ಮೊದಲು ಹೆಸರಿನ ಹೆದರಿಕೆ ಬಿಡಿ. ಆಸಿಡ್ ಅಂದ ತಕ್ಷಣ ಬ್ಯಾಟರಿ ನೀರು ನೆನಪಿಗೆ ಬರುತ್ತೆ, ಅಲ್ವಾ? ಇದು ಅಂಥದ್ದಲ್ಲ. ಹುಣಸೆಹಣ್ಣಿನಲ್ಲೂ ಆಮ್ಲ ಇದೆ, ಮಜ್ಜಿಗೆಯಲ್ಲೂ ಇದೆ. ರೋಸ್ಮರಿನಿಕ್ ಆಮ್ಲ ಗಿಡಗಳು ತಮ್ಮ ರಕ್ಷಣೆಗೆ ಎಲೆಯಲ್ಲಿ ಕೂಡಿಟ್ಟುಕೊಳ್ಳುವ, ಫೀನಾಲ್ ಅನ್ನುವ ರಾಸಾಯನಿಕಗಳ ಗುಂಪಿಗೆ ಸೇರಿದ ಒಂದು ಆಮ್ಲ. 1958ರಲ್ಲಿ ಇಟಲಿಯ ಇಬ್ಬರು ರಸಾಯನ ವಿಜ್ಞಾನಿಗಳು, ಸ್ಕಾರ್ಪಾಟಿ ಮತ್ತು ಓರಿಯೆಂಟೆ, ಇದನ್ನು ರೋಸ್‌ಮೆರಿ ಗಿಡದಿಂದ ಬೇರ್ಪಡಿಸಿದರು. ಹೆಸರು ಬಂದಿದ್ದು ಅಲ್ಲಿಂದಲೇ. ಆದರೆ ರೋಸ್‌ಮೆರಿಗಷ್ಟೇ ಇದರ ಹಕ್ಕಿಲ್ಲ. ತುಳಸಿ, ಕಾಮಕಸ್ತೂರಿ, ಪುದೀನ, ದೊಡ್ಡಪತ್ರೆ ಎಲ್ಲವೂ ಒಂದೇ ಕುಟುಂಬದ ಗಿಡಗಳು. ದಂಟು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿ, ತುಳಸಿಯದೂ ಪುದೀನದ್ದೂ ನಾಲ್ಕು ಮೂಲೆಯ ದಂಟು. ಈ ಮನೆತನದ ಬಹಳಷ್ಟು ಗಿಡಗಳಲ್ಲಿ ಈ ಆಮ್ಲ ಸಿಗುತ್ತದೆ.

ವಾಸನೆ ಬೇರೆ, ಆಮ್ಲ ಬೇರೆ

ಇದೊಂದು ತಿಳಿದರೆ ಅಂಗಡಿಯಲ್ಲಿ ಅರ್ಧ ದುಡ್ಡು ಉಳಿಯುತ್ತದೆ. ಎಲೆ ಉಜ್ಜಿದಾಗ ಮೂಗಿಗೆ ಬಡಿಯುವ ಘಮ ಎಣ್ಣೆಯದು. ಅದು ಆವಿಯಾಗುತ್ತೆ. ತುಳಸಿಯಲ್ಲಿ ಯೂಜಿನಾಲ್, ದೊಡ್ಡಪತ್ರೆಯಲ್ಲಿ ಕಾರ್ವಕ್ರಾಲ್, ಪುದೀನದಲ್ಲಿ ಕಾರ್ವೋನ್. ರೋಸ್ಮರಿನಿಕ್ ಆಮ್ಲಕ್ಕೆ ಆ ಘಮ ಇಲ್ಲ, ಅದು ಆವಿಯಾಗಿ ಹಾರುವುದೂ ಇಲ್ಲ. ಬಿಸಿನೀರಿಗೆ ಬಿಟ್ಟುಕೊಳ್ಳುತ್ತದೆ.

ಹಾಗಾಗಿ ಎಲೆಯನ್ನು ಹಬೆಯಲ್ಲಿ ಭಟ್ಟಿ ಇಳಿಸಿ ತೆಗೆದ ಎಣ್ಣೆಯಲ್ಲಿ ಘಮ ಬರುತ್ತದೆ, ಆಮ್ಲ ಹಿಂದಿನ ಹಂಡೆಯಲ್ಲೇ ಉಳಿಯುತ್ತದೆ. ಕೂದಲಿಗೆ ಅಂತ ಈಗ ಎಲ್ಲರೂ ತರಿಸುತ್ತಿರುವ ರೋಸ್‌ಮೆರಿ ಎಣ್ಣೆಯಲ್ಲಿ ರೋಸ್ಮರಿನಿಕ್ ಆಮ್ಲ ಇರುವುದಿಲ್ಲ. ಕೂದಲಿಗೆ ಹಚ್ಚುವವರು ಹಚ್ಚಲಿ, ಅದು ಬೇರೆ ಮಾತು. ಆದರೆ ಸೀಸೆಯ ಮೇಲೆ ರೋಸ್‌ಮೆರಿ ಅಂತ ಇದೆ, ಒಳಗೆ ರೋಸ್ಮರಿನಿಕ್ ಇದ್ದೇ ಇರುತ್ತೆ ಅಂತ ತಿಳಿಯಬೇಡಿ. ನೀರಿಗೆ ಎರಡು ಹನಿ ಹಾಕಿ ಕುಡಿಯುವ ತುಳಸಿ ಡ್ರಾಪ್ಸ್ ಕೊಳ್ಳುವಾಗಲೂ ಚೀಟಿ ಓದಿ. ಭಟ್ಟಿ ಇಳಿಸಿದ ಎಣ್ಣೆಯಾಗಿದ್ದರೆ ಅದಕ್ಕೂ ಇದೇ ಮಾತು. ಆ ಎಣ್ಣೆ ಗಟ್ಟಿ ಸರಕು. ಚಿಕ್ಕ ಮಕ್ಕಳ ಕೈಗೆ ಸಿಗದಂತೆ ಇಡಬೇಕು.

ಆಮ್ಲವನ್ನು ಕಣ್ಣಾರೆ ನೋಡಲಾಗದಿದ್ದರೂ ಅದು ಹಾಳಾಗುವುದನ್ನು ನೀವು ದಿನಾ ನೋಡುತ್ತೀರಿ. ಮುಂಜಾನೆ ಎಂಟಕ್ಕೆ ಪುದೀನ ಚಟ್ನಿ ಅರೆದಾಗ ಹಚ್ಚಗೆ ಹೊಳೆಯುತ್ತಿರುತ್ತೆ. ಮಧ್ಯಾಹ್ನ ಡಬ್ಬಿ ಮುಚ್ಚಳ ತೆಗೆದರೆ ಮೇಲಿನ ಪದರ ಕಪ್ಪು. ಎಲೆ ಜಜ್ಜಿದಾಗ ಒಳಗಿನ ಕಿಣ್ವ ಹೊರಬಂದು, ಗಾಳಿ ಸೇರಿ, ಇಂಥ ಫೀನಾಲ್‌ಗಳನ್ನು ಕಪ್ಪು ಮಾಡುತ್ತದೆ. ಹಸಿ ಬದನೆಕಾಯಿ ಹೆಚ್ಚಿಟ್ಟಾಗ ಆಗೋದೂ ಇದೇ. ಲಿಂಬೆರಸ ಹಿಂಡಿದರೆ ಆ ಕಿಣ್ವದ ಕೈ ಕಟ್ಟಿದ ಹಾಗೆ. ಕುದಿನೀರು ಬಿದ್ದರೂ ಅದು ಸುಮ್ಮನಾಗುತ್ತದೆ. ಅದಕ್ಕೇ ಚಟ್ನಿಗೆ ಹುಳಿ ಮೊದಲೇ ಹಾಕಿ ಅರೆಯಿರಿ. ಕಷಾಯ ಮಾಡುವವರು ಎಲೆಯನ್ನು ಜಜ್ಜಿ ತಟ್ಟೆಯಲ್ಲಿಟ್ಟು ಆಮೇಲೆ ನೀರು ಕಾಯಿಸಲು ಹೋಗಬೇಡಿ. ನೀರು ಕುದಿಯುವಾಗ ಎಲೆ ಹರಿದು ನೇರ ಅದಕ್ಕೇ ಹಾಕಿ, ಒಲೆ ಆರಿಸಿ, ತಟ್ಟೆ ಮುಚ್ಚಿ ಹತ್ತು ನಿಮಿಷ ಬಿಡಿ. ತಟ್ಟೆ ಮುಚ್ಚುವುದು ಘಮಕ್ಕಾಗಿ. ಆಮ್ಲ ಹೇಗೂ ನೀರಲ್ಲೇ ಇರುತ್ತೆ.

ಎಷ್ಟು ಬೇಕು, ಎಷ್ಟು ಸಿಗುತ್ತೆ

ಇಲ್ಲಿ ಲೆಕ್ಕ ಹಾಕದೆ ಮುಂದಕ್ಕೆ ಹೋಗುವಂತಿಲ್ಲ. ಅಕ್ಕನ ಸೀನಿಗೆ ಹತ್ತಿರದ ಪ್ರಯೋಗ ಜಪಾನಿನವರದು. 2004ರಲ್ಲಿ ಪ್ರಕಟವಾಯಿತು. ಪೆರಿಲ್ಲಾ ಅಂತ ಒಂದು ಸೊಪ್ಪು, ಅದೂ ತುಳಸಿಯ ಬಳಗದ್ದೇ. ಪರಾಗದ ಅಲರ್ಜಿ ಇದ್ದ 29 ಮಂದಿಯನ್ನು ಮೂರು ಗುಂಪು ಮಾಡಿ, ಒಂದಕ್ಕೆ ದಿನಕ್ಕೆ 200 ಮಿಲಿಗ್ರಾಂ ರೋಸ್ಮರಿನಿಕ್ ಆಮ್ಲ ತುಂಬಿದ ಪೆರಿಲ್ಲಾ ಸಾರ, ಇನ್ನೊಂದಕ್ಕೆ 50, ಮತ್ತೊಂದಕ್ಕೆ ಹೋಲಿಕೆಗಾಗಿ ಸಾರವೇ ಇಲ್ಲದ ಸಪ್ಪೆ ಗುಳಿಗೆ ಕೊಟ್ಟರು. 21 ದಿನ. ಸಾರ ತಗೊಂಡವರಿಗೆ ಮೂಗಿನ ತುರಿಕೆ, ಕಣ್ಣಿನ ತುರಿಕೆ, ಕಣ್ಣೀರು ಕಡಿಮೆಯಾಯಿತು. ಭರವಸೆ ಕೊಡುವ ಫಲಿತಾಂಶವೇ. ಆದರೆ ಗುಂಪಿಗೆ ಹತ್ತು ಜನ ಅಂದರೆ ನಮ್ಮ ಮನೆಯ ಒಂದು ಪಂಕ್ತಿ ಊಟಕ್ಕೂ ಕಡಿಮೆ. ಅದರ ಮೇಲೆ ದೊಡ್ಡ ಮಾತು ಕಟ್ಟಲು ಬರುವುದಿಲ್ಲ. ಇನ್ನೊಂದು, ಅವರದು ಪರಾಗದ ಅಲರ್ಜಿ. ಸಂಡೂರು, ತೋರಣಗಲ್ಲು ಕಡೆಯ ಅದಿರಿನ ಕೆಂಧೂಳಿಗೆ ಬರುವ ಕೆಮ್ಮಿಗೆ ಈ ಫಲಿತಾಂಶ ಅನ್ವಯಿಸುವುದಿಲ್ಲ.

ಈಗ ನಮ್ಮ ಕಟ್ಟೆ ಮೇಲಿನ ಲೆಕ್ಕ. ಹಸಿ ಎಲೆಯಲ್ಲಿ ಬಹುಪಾಲು ನೀರು. ಹತ್ತು ಗ್ರಾಂ ಹಸಿ ಪುದೀನ ಒಣಗಿಸಿದರೆ ಒಂದೂವರೆ ಗ್ರಾಂ ಆಸುಪಾಸು. ಒಣ ಎಲೆಯಲ್ಲಿ ನೂರಕ್ಕೆ ಎರಡು ಭಾಗ ಈ ಆಮ್ಲ ಇದೆ ಅಂತ ಇಟ್ಟುಕೊಳ್ಳೋಣ. ತಳಿ, ಬಿಸಿಲು, ಕೊಯ್ದ ಹೊತ್ತು ನೋಡಿ ಇದು ತುಂಬಾ ಏರಿಳಿಯುತ್ತದೆ. ಆಗ ಸಿಗುವುದು 30 ಮಿಲಿಗ್ರಾಂ. 200 ಮುಟ್ಟಬೇಕಾದರೆ ಅರವತ್ತು, ಎಪ್ಪತ್ತು ಗ್ರಾಂ ಎಲೆ ಬೇಕು. ದಿನಾ ಅಷ್ಟು ಯಾರು ಕುಡಿಯುತ್ತಾರೆ? ನಾಲ್ಕು ತುಳಸಿ ಎಲೆ ಅಗಿದವರಿಗೆ ಸಿಗುವುದು ಬಹಳ ಸಣ್ಣ ಪ್ರಮಾಣ. ಅದರಿಂದ ಕೆಟ್ಟದ್ದಾಗಲ್ಲ, ಒಳ್ಳೆಯ ರೂಢಿ. ಪ್ರಯೋಗದ ಫಲವನ್ನು ಮಾತ್ರ ಅದರಿಂದ ನಿರೀಕ್ಷೆ ಮಾಡಬಾರದು.

ಹೊಟ್ಟೆಗೆ ಹೋದದ್ದೆಲ್ಲ ರಕ್ತಕ್ಕೆ ಸೇರುತ್ತದೆ ಅಂತಲೂ ಇಲ್ಲ. ಇಡಿಯಾಗಿ ಸೇರುವುದು ಕಡಿಮೆ. ಕರುಳಿನ ಸೂಕ್ಷ್ಮಜೀವಿಗಳು ಅದನ್ನು ಒಡೆದು ಸಣ್ಣ ತುಣುಕು ಮಾಡುತ್ತವೆ. ದೇಹಕ್ಕೆ ಸೇರಿದ್ದರಲ್ಲಿ ಹೆಚ್ಚಿನ ಪಾಲು ಕೆಲವೇ ಗಂಟೆಗಳಲ್ಲಿ ಮೂತ್ರದಲ್ಲಿ ಹೋಗುತ್ತದೆ. ಇಲಿಗಳ ಮೇಲೆ, ಗಾಜಿನ ತಟ್ಟೆಯ ಜೀವಕೋಶಗಳ ಮೇಲೆ ನಡೆದ ಪ್ರಯೋಗ ಹಿಡಿದು "ಕ್ಯಾನ್ಸರ್ ಗುಣ ಮಾಡುತ್ತೆ" ಅನ್ನುವ ಮಾತುಗಳು ವಾಟ್ಸಾಪಿನಲ್ಲಿ ಬರುತ್ತವಲ್ಲ, ಅವನ್ನು ನಂಬಿ ಚಿಕಿತ್ಸೆ ಬಿಟ್ಟವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಪುದೀನ

ನನ್ನ ಮಟ್ಟಿಗೆ ಅಡುಗೆಮನೆಯ ಆಯ್ಕೆ ಇದೇ. ಕಾರಣ ಸರಳ: ಉಳಿದವನ್ನು ಎಲೆ ಲೆಕ್ಕದಲ್ಲಿ ತಿನ್ನುತ್ತೇವೆ, ಇದನ್ನು ಮುಷ್ಟಿ ಲೆಕ್ಕದಲ್ಲಿ. ಜೋಳದ ರೊಟ್ಟಿ ಜೊತೆ ಚಟ್ನಿ, ಮಜ್ಜಿಗೆಗೆ ಒಂದು ಹಿಡಿ, ಪಲಾವಿಗೆ ಒಂದು ಕಟ್ಟು. ಪ್ರಮಾಣ ತಾನೇ ಏರುತ್ತೆ.

ಮೊಣಕಾಲು ನೋವಿಗೆ ಇದರ ಮೇಲೆ ಕೆನಡಾದಲ್ಲಿ ಒಂದು ಪ್ರಯೋಗ ನಡೆದಿದೆ, 2014ರಲ್ಲಿ ಬಂತು. ರೋಸ್ಮರಿನಿಕ್ ಆಮ್ಲ ಜಾಸ್ತಿ ಇರುವಂತೆ ಆರಿಸಿ ಬೆಳೆಸಿದ ಪುದೀನದ ಚಹಾ ಒಂದು ಗುಂಪಿಗೆ, ಅಂಗಡಿಯ ಮಾಮೂಲಿ ಪುದೀನದ ಚಹಾ ಇನ್ನೊಂದಕ್ಕೆ. ದಿನಕ್ಕೆ ಎರಡು ಲೋಟ, 16 ವಾರ. ವಿಶೇಷ ತಳಿಯ ಚಹಾ ಕುಡಿದವರ ನೋವು ಮೊದಲಿಗಿಂತ ಇಳಿಯಿತು. ಮಾಮೂಲಿ ಚಹಾದವರಿಗೆ ನೋವು ಅಷ್ಟು ಇಳಿಯಲಿಲ್ಲ. ಕೀಲು ಬಿಗಿತ ಮಾತ್ರ ಎರಡೂ ಕಡೆ ಕಡಿಮೆಯಾಯಿತು. ಇದನ್ನು ಹೀಗೆ ಓದಬೇಕು: ನಮ್ಮ ಸಂತೆಯ ಪುದೀನ ಆ ವಿಶೇಷ ತಳಿ ಅಲ್ಲ. ಮೊಣಕಾಲು ನೋವಿನವರು ಕುಡಿಯಲಿ, ಜೊತೆಗೆ ಡಾಕ್ಟರ್ ಹೇಳಿದ ವ್ಯಾಯಾಮ ಬಿಡದಿರಲಿ.

ಪುದೀನ ಎಲ್ಲರಿಗೂ ಆಗಿಬರುವುದಿಲ್ಲ. ಎದೆಯುರಿ, ಹುಳಿತೇಗು ಇರುವವರಿಗೆ ಇದು ಉರಿ ಹೆಚ್ಚಿಸಬಹುದು. ಸಂಜೆ ಮಿರ್ಚಿ, ಒಗ್ಗರಣೆ ಮಂಡಕ್ಕಿ ತಿಂದು ಮೇಲೆ ಪುದೀನ ಚಹಾ ಕುಡಿದು ರಾತ್ರಿ ಎದೆ ಉರಿಯಿತು ಅನ್ನುವವರು ಪುದೀನವನ್ನೂ ಅನುಮಾನಿಸಿ. ಇನ್ನೊಂದು ಕಷ್ಟ ನಮ್ಮ ಬೇಸಿಗೆ. ಏಪ್ರಿಲ್ ಬಂತೆಂದರೆ ಬಳ್ಳಾರಿ, ರಾಯಚೂರಿನ ಬಿಸಿಲಿಗೆ ಪುದೀನ ಕುಂಡದಲ್ಲೇ ಬಾಡುತ್ತದೆ.

ತುಳಸಿ

ತುಳಸಿಯಲ್ಲಿ ರೋಸ್ಮರಿನಿಕ್ ಆಮ್ಲ ಇದೆ. ಆದರೆ ತುಳಸಿಯ ಹೆಚ್ಚುಗಾರಿಕೆ ಅದೊಂದರಿಂದ ಬಂದದ್ದಲ್ಲ. ಅದರ ಯೂಜಿನಾಲ್ ಮತ್ತು ಉಳಿದ ಸತ್ವಗಳೂ ಕೆಲಸ ಮಾಡುತ್ತವೆ. ಆಮ್ಲವೇ ಬೇಕು ಅಂತ ಆರಿಸುವವರಿಗೆ ಇದನ್ನು ಎರಡನೇ ಸ್ಥಾನದಲ್ಲಿಡುತ್ತೇನೆ. ಒಟ್ಟಾರೆ ಗಿಡ ಅಂತ ನೋಡಿದರೆ ಮೊದಲ ಸ್ಥಾನವೇ ಕೊಡಬೇಕಾಗುತ್ತದೆ.

ಸಕ್ಕರೆ ಕಾಯಿಲೆಯವರ ಮೇಲೆ ನಮ್ಮ ದೇಶದಲ್ಲೇ ನಡೆದ ಪ್ರಯೋಗವೊಂದು 1996ರಲ್ಲಿ ಪ್ರಕಟವಾಗಿದೆ. 40 ಮಂದಿ. ತುಳಸಿ ಎಲೆ ತಗೊಂಡ ಅವಧಿಯಲ್ಲಿ ಬರಿಹೊಟ್ಟೆಯ ಸಕ್ಕರೆ ಸರಾಸರಿ 21 ಮಿಲಿಗ್ರಾಂನಷ್ಟು ಕಡಿಮೆ ಇತ್ತು. ಒಳ್ಳೆಯ ಸುದ್ದಿ. ಅದಕ್ಕೇ ಎಚ್ಚರವೂ ಬೇಕು. ಮೊದಲೇ ಸಕ್ಕರೆ ಗುಳಿಗೆ ನುಂಗುತ್ತಿರುವವರು ಅದರ ಮೇಲೆ ತುಳಸಿ ಪುಡಿಯನ್ನು ಚಮಚಗಟ್ಟಲೆ ತಗೊಂಡರೆ ಸಕ್ಕರೆ ಇಳಿದು ತಲೆಸುತ್ತು ಬರಬಹುದು. ನಾಲ್ಕು ಎಲೆಯ ಮಾತಲ್ಲ ಇದು, ಪುಡಿ ಮತ್ತು ಕ್ಯಾಪ್ಸೂಲಿನ ಮಾತು. ರಕ್ತ ತಿಳಿ ಮಾಡುವ ಗುಳಿಗೆಯವರೂ, ಆಪರೇಷನ್ ಗೊತ್ತು ಮಾಡಿಕೊಂಡವರೂ ಡಾಕ್ಟರಿಗೆ ಮೊದಲೇ ಹೇಳಿಬಿಡಿ. ಬಸುರಿಯರಿಗೆ ಗಟ್ಟಿ ಕಷಾಯ ಬೇಡ.

ಕಾಮಕಸ್ತೂರಿ ಬಗ್ಗೆ ಒಂದೇ ಮಾತು. ಆಮ್ಲ ಬೇಕಾದವರು ನೋಡಬೇಕಾದ್ದು ಎಲೆಯನ್ನು. ನಾವು ಶರಬತ್ತಿಗೆ ಹಾಕಿಕೊಳ್ಳುವುದು ಬೀಜವನ್ನು. ಬೀಜ ನೀರಲ್ಲಿ ಉಬ್ಬಿ ಲೋಳೆಯಾಗುವುದು ನಾರಿನಂಶದಿಂದ. ಹೊಟ್ಟೆಗೆ ತಂಪು, ಚಲೋ. ಅದು ಬೇರೆ ಉಪಯೋಗ.

ದೊಡ್ಡಪತ್ರೆ

ನಮ್ಮ ಸೀಮೆಗೆ ಹೇಳಿ ಮಾಡಿಸಿದ ಗಿಡ. ಒಂದು ಟೊಂಗೆ ಮುರಿದು ಊರಿದರೆ ಸಾಕು. ನೀರು ಒಂದೆರಡು ದಿನ ತಪ್ಪಿದರೂ ದಪ್ಪ ಎಲೆಯಲ್ಲಿ ಹಿಡಿದಿಟ್ಟುಕೊಂಡು ಬದುಕುತ್ತೆ. ಮಧ್ಯಾಹ್ನದ ಬಿಸಿಲಿಗೆ ಸ್ವಲ್ಪ ನೆರಳು ಕೊಡಿ, ಅಷ್ಟೇ. ಇದರಲ್ಲೂ ರೋಸ್ಮರಿನಿಕ್ ಆಮ್ಲ ಇದೆ. ಆದರೆ ಎಲೆಯ ತೂಕದಲ್ಲಿ ನೀರೇ ಹೆಚ್ಚಾದ್ದರಿಂದ ತೂಕಕ್ಕೆ ತಕ್ಕಷ್ಟು ಸಿಗುವುದಿಲ್ಲ. ನೆಗಡಿ, ಗಂಟಲು ಕೆರೆತಕ್ಕೆ ಇದನ್ನು ನಾವು ಬಳಸುವುದು ಓಮಕಾಳಿನಂಥ ಆ ಖಾರದ ಘಮಕ್ಕಾಗಿ. ಅವ್ವ ಬಿಸಿ ಹಂಚಿನ ಮೇಲೆ ಎಲೆ ಹಾಕುತ್ತಿದ್ದಳು. ಅರೆ ನಿಮಿಷಕ್ಕೆ ಅದರ ಮೇಲಿನ ತುಪ್ಪುಳ ಮಲಗಿ, ಎಲೆ ಬೆವರಿದ ಹಾಗಾಗಿ, ಹಿಚುಕಿದರೆ ರಸ ಬೆರಳ ಸಂದಿಯಿಂದ ಇಳಿಯುತ್ತಿತ್ತು. ಅದಕ್ಕೆ ಜೇನು. ಒಂದು ವರ್ಷದೊಳಗಿನ ಕೂಸಿಗೆ ಮಾತ್ರ ಜೇನು ಕೊಡಬೇಡಿ.

ದೊಡ್ಡಪತ್ರೆಯ ಬಗ್ಗೆ ನನಗೆ ನಿಜಕ್ಕೂ ಹೆಮ್ಮೆ ತಂದ ಸುದ್ದಿ ತೈವಾನ್‌ನಿಂದ ಬಂತು. ದೊಡ್ಡಪತ್ರೆ ಮತ್ತು ಒಂದೆಲಗದ ಸಾರದಿಂದ ಅಲ್ಲಿ ಒಂದು ಮುಲಾಮು ಮಾಡಿದ್ದಾರೆ. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ. 236 ರೋಗಿಗಳ ಪ್ರಯೋಗ 2021ರಲ್ಲಿ ಪ್ರಕಟವಾಯಿತು. 16 ವಾರದಲ್ಲಿ ಮುಲಾಮಿನ ಗುಂಪಿನ ನೂರಕ್ಕೆ 60.7 ಮಂದಿಯ ಹುಣ್ಣು ಪೂರ್ತಿ ಮಾಯಿತು. ಇನ್ನೊಂದು ಗುಂಪಿನಲ್ಲಿ 35.1. ಆದರೆ ಅದು ಶುದ್ಧ ಮಾಡಿ, ಅಳತೆಯಲ್ಲಿ ತಯಾರಿಸಿದ ಔಷಧ. ಅದನ್ನು ಓದಿ ಯಾರೂ ಅಂಗಳದ ಎಲೆ ಜಜ್ಜಿ ಸಕ್ಕರೆ ಹುಣ್ಣಿಗೆ ಕಟ್ಟಬಾರದು. ಮಣ್ಣು ಸೇರಿ ಕೀವಾದರೆ ಬೆರಳು ಹೋಗುತ್ತೆ, ಕಾಲೇ ಹೋಗಬಹುದು. ಇದನ್ನು ನಾನು ಕೈಮುಗಿದು ಹೇಳುತ್ತೇನೆ.

ಸೀಸೆ, ಕ್ಯಾಪ್ಸೂಲ್

ಅಳತೆ ಬೇಕು ಅನ್ನುವವರಿಗೆ ಕ್ಯಾಪ್ಸೂಲಿನ ಅನುಕೂಲ ನಿಜ. ಎಲೆಯಲ್ಲಿ ಆಗದ್ದು ಅದು. ಆದರೆ ಚೀಟಿಯಲ್ಲಿ "ರೋಸ್‌ಮೆರಿ ಸಾರ 500 ಮಿಲಿಗ್ರಾಂ" ಅಂತ ಇದ್ದರೆ ಅದು ಸಾರದ ತೂಕ, ಆಮ್ಲದ್ದಲ್ಲ. ಅದರೊಳಗೆ ರೋಸ್ಮರಿನಿಕ್ ಆಮ್ಲ ನೂರಕ್ಕೆ ಎಷ್ಟು ಅಂತ ಬರೆದಿರಬೇಕು. ಬರೆದಿಲ್ಲವಾದರೆ ದುಡ್ಡು ಕೊಡಬೇಡಿ. ರೋಸ್‌ಮೆರಿ ಸಾರಗಳಲ್ಲಿ ಕಾರ್ನೋಸಿಕ್ ಆಮ್ಲ ಅನ್ನುವ ಇನ್ನೊಂದು ವಸ್ತುವಿಗಾಗಿ ತೆಗೆದದ್ದೂ ಇರುತ್ತದೆ. ಎಣ್ಣೆ ಪದಾರ್ಥ ಕಮಟಾಗದಂತೆ ಹಾಕುವ 392 ನಂಬರಿನ ಸಾರ ಅಂಥದ್ದು. ಹೆಸರು ಹತ್ತಿರ, ವಸ್ತು ಬೇರೆ.

ವಯಸ್ಸಾದವರ ಮರೆವಿಗೆ ಅಂತಲೂ ಇವು ಮಾರಾಟವಾಗುತ್ತಿವೆ. ಪುದೀನ ಸಾರ ದಿನಕ್ಕೆ 900 ಮಿಲಿಗ್ರಾಂ, 90 ದಿನ ಕೊಟ್ಟ ಪ್ರಯೋಗದಲ್ಲಿ ನೆನಪಿನ ಒಂದು ಪರೀಕ್ಷೆಯಲ್ಲಿ ಸುಧಾರಣೆ ಕಂಡಿದೆ. ಜಪಾನಿನಲ್ಲಿ ಆಲ್ಝೈಮರ್ ಆರಂಭದ ಹಂತದವರಿಗೆ 24 ವಾರ ಇದೇ ಆಮ್ಲ ದಿನಕ್ಕೆ 500 ಮಿಲಿಗ್ರಾಂ ಕೊಟ್ಟರು. ತೊಂದರೆಯಾಗಲಿಲ್ಲ. ಸಿಟ್ಟು, ಚಡಪಡಿಕೆಯಂಥ ಲಕ್ಷಣಗಳಲ್ಲಿ ಸ್ವಲ್ಪ ಅನುಕೂಲ ಕಂಡಿತು. ನೆನಪಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ತಂದೆತಾಯಿಗೆ ಮರೆವು ಶುರುವಾಗಿದೆ ಅಂತ ಸಂಕಟಪಡುವ ಮಕ್ಕಳು ಮೊದಲು ಪರೀಕ್ಷೆ ಮಾಡಿಸಿ. ಥೈರಾಯ್ಡ್, ಬಿ12 ಕೊರತೆಯಿಂದಲೂ ಮರೆವು ಬರುತ್ತದೆ, ಅದಕ್ಕೆ ಚಿಕಿತ್ಸೆ ಇದೆ.

ಕಬ್ಬಿಣದ ಗುಳಿಗೆ ನುಂಗುವವರು ಇದನ್ನು ತಪ್ಪದೆ ಓದಿ

ನಮ್ಮವ್ವನಿಗೆ ರಕ್ತ ಕಡಿಮೆ ಅಂತ ಗುಳಿಗೆ ಕೊಟ್ಟಿದ್ದರು. ದಿನಾ ಮುಂಜಾನೆ ತಪ್ಪದೆ ನುಂಗುತ್ತಿದ್ದಳು. ಎರಡು ತಿಂಗಳಾದರೂ ರಕ್ತ ಏರಲಿಲ್ಲ. ಡಾಕ್ಟರ್ ಚೀಟಿ ನೋಡುತ್ತಾ ಕೇಳಿದರು: "ಅಮ್ಮಾ, ಗುಳಿಗಿ ಯಾತರ ಜೊತಿ ತಗೋತೀರಿ?" ಅವ್ವ ಸಂಕೋಚವಿಲ್ಲದೆ ಹೇಳಿದಳು: "ತುಳಸಿ, ಪುದೀನ ಕಷಾಯದ ಜೋಡಿರೀ. ಬರೇ ನೀರು ಯಾಕ ಅಂತ." ಅವರು ಪೆನ್ನು ಕೆಳಗಿಟ್ಟರು. ಆ ಕಷಾಯ ಮಾಡಿಕೊಡುತ್ತಿದ್ದವಳು ನಾನೇ.

ರೋಸ್ಮರಿನಿಕ್ ಆಮ್ಲದಂಥ ಫೀನಾಲ್‌ಗಳು ಕಬ್ಬಿಣವನ್ನು ಹೊಟ್ಟೆಯಲ್ಲೇ ಹಿಡಿದುಕೊಳ್ಳುತ್ತವೆ, ರಕ್ತಕ್ಕೆ ಬಿಡುವುದಿಲ್ಲ. 1999ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಊಟದ ಜೊತೆ ಪೆಪ್ಪರ್‌ಮಿಂಟ್ ಚಹಾ, ಅಂದರೆ ಪುದೀನದ ಸೋದರ ಗಿಡದ್ದು, ಕುಡಿದಾಗ ಕಬ್ಬಿಣ ಸೇರುವುದು ನೂರಕ್ಕೆ 84ರಷ್ಟು ಕಡಿಮೆಯಾಯಿತು. ಮಾಮೂಲಿ ಚಹಾದಲ್ಲಿ 79ರಿಂದ 94. ಹಾಲು ಹಾಕಿದರೂ ಹೆಚ್ಚೇನೂ ಬದಲಾಗಲಿಲ್ಲ. ಮಾಂಸದ ಕಬ್ಬಿಣಕ್ಕೆ ಈ ಅಡ್ಡಿ ಕಡಿಮೆ. ಜೋಳ, ಬೇಳೆ, ಪುಂಡಿಪಲ್ಯೆ ಮತ್ತು ಗುಳಿಗೆಯ ಕಬ್ಬಿಣಕ್ಕೆ ಜಾಸ್ತಿ. ನಮ್ಮ ರಾಜ್ಯದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆ ಇದೆ ಅನ್ನುತ್ತದೆ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಹೀಗಿರುವಾಗ ಯಾವ ಎಲೆ ಅನ್ನುವುದಕ್ಕಿಂತ ಯಾವ ಹೊತ್ತಿಗೆ ಅನ್ನುವುದು ದೊಡ್ಡ ಪ್ರಶ್ನೆ. ಗುಳಿಗೆಯನ್ನು ಲಿಂಬೆ ನೀರಿನ ಜೊತೆ ತಗೊಳ್ಳಿ. ಕಷಾಯಕ್ಕೂ ಗುಳಿಗೆಗೂ ನಡುವೆ ಎರಡು ಗಂಟೆ ಬಿಡಿ. ಕಷಾಯಕ್ಕೂ ಊಟಕ್ಕೂ ನಡುವೆಯೂ ಹಾಗೇ. ಅವ್ವನ ಕಷಾಯ ಸಂಜೆ ನಾಲ್ಕಕ್ಕೆ ಹೋಯಿತು. ಮುಂದಿನ ಪರೀಕ್ಷೆಯಲ್ಲಿ ರಕ್ತ ಏರಿತ್ತು.

ಅಕ್ಕನಿಗೆ ಹೇಳಿದ್ದು

ಸೀನಿಗೆ ಡಾಕ್ಟರ್ ಕೊಟ್ಟ ಅಲರ್ಜಿ ಗುಳಿಗೆ ಬಿಡಬೇಡ. ಜಾಲಿ ಹೂ ಬಿಡುವ ದಿನಗಳಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಗುಡಿಸು, ಇಲ್ಲಾ ನೀರು ಚಿಮುಕಿಸಿ ಗುಡಿಸು. ಕ್ಯಾಪ್ಸೂಲ್ ತರಿಸಲೇಬೇಕು ಅಂದರೆ ಆಮ್ಲದ ಪ್ರಮಾಣ ಬರೆದದ್ದನ್ನು ನೋಡಿ, ಡಾಕ್ಟರಿಗೆ ತೋರಿಸಿ, ಮೂರು ವಾರ ತಗೊಂಡು ನೋಡು. ಪ್ರಯೋಗ ನಡೆದದ್ದೂ ಅಷ್ಟೇ ದಿನ. ಆಗಲೂ ಕಡಿಮೆಯಾಗದಿದ್ದರೆ ನಿಲ್ಲಿಸು. ದುಡ್ಡು ಹಾಕಲು ಮನಸ್ಸಿಲ್ಲವಾದರೆ ಸಂಜೆ ಹೊತ್ತು ಒಂದು ದೊಡ್ಡ ಮುಷ್ಟಿ ಪುದೀನದ ಚಹಾ ಸಾಕು. ಕಟ್ಟೆ ಮೇಲಿನ ತುಳಸಿಯಿಂದ ನಾಲ್ಕೆಲೆ ಅದಕ್ಕೇ ಸೇರಿಸು.

ಅವಳು ಕ್ಯಾಪ್ಸೂಲ್ ತರಿಸಲಿಲ್ಲ. ಕಳೆದ ವಾರ ಸಂತೆಯಿಂದ ಎರಡು ಕಟ್ಟು ಪುದೀನ ತಂದು, ಎಲೆ ಬಿಡಿಸಿಕೊಂಡ ಮೇಲೆ ಉಳಿದ ದಂಟುಗಳನ್ನು ನೀರಿನ ಲೋಟದಲ್ಲಿ ನಿಲ್ಲಿಸಿ ಫೋಟೋ ಕಳಿಸಿದ್ದಳು. ಗೆಣ್ಣಿನ ಹತ್ತಿರ ಬಿಳಿ ಬೇರು ಒಡೆದಿದೆ. ಕುಂಡವನ್ನು ಮೂಡಲ ಬಾಗಿಲ ಕಡೆ ಇಡು, ಹನ್ನೊಂದರ ಮೇಲಿನ ಬಿಸಿಲು ಬೀಳಬಾರದು, ಬೋರಿನ ಸವುಳು ನೀರು ಹಾಕಬೇಡ, ಅಕ್ಕಿ ತೊಳೆದ ನೀರು ಹಾಕು ಅಂತ ಬರೆದಿದ್ದೇನೆ.